ಹತ್ತು ಕಾಲಿನ ಮಗ್ಗ

ಏಡಿಯ ಬಲಗಡೆಯ ಮೂರನೇ ಕಾಲಿನ ಹುರಿ ಪಟ್ಟನೆ ಕಡಿದಾಗ ಸಾವಿತ್ರೆವ್ವ ಅದರ ಹೊಟ್ಟೆಯೊಳಗೇ ಕೂತಿದ್ದಳು. ಹೊರಗೆ ಗಾಜಿನಾಚೆ ನಲವತ್ತೈವತ್ತು ಜನ ನಿಂತಿದ್ದರು. ಮೇಲೆ ಕಟ್ಟಿದ ಸ್ಪೀಕರಿನಲ್ಲಿ ಬೆಂಗಳೂರು ಕಡೆಯ ಹೆಣ್ಣುದನಿಯೊಂದು, ದಿನಕ್ಕೆ ಹನ್ನೆರಡು ಸಲ ಹೇಳುವ ಮಾತನ್ನೇ ಹೇಳುತ್ತಿತ್ತು. "ಜಪಾನ್ ದೇಶದ ಕಡಲಿನಾಳದಲ್ಲಿ, ಬಿಸಿಲು ತಲುಪದ ಕತ್ತಲೆಯಲ್ಲಿ ಬದುಕುವ ಈ ಜೇಡ ಏಡಿಯ ಮೈ ಒಂದು ಮೊರದಷ್ಟು. ಕಾಲು ಚಾಚಿದರೆ ಮಾತ್ರ ಹನ್ನೆರಡು ಅಡಿ. ನಿಮಗೆ ಚೆನ್ನಾಗಿ ಕಾಣಲೆಂದು ನಾವು ಇದನ್ನು ಇನ್ನೂ ದೊಡ್ಡದಾಗಿ ಮಾಡಿದ್ದೇವೆ..."

ಕಡಿದ ಕಾಲು ಮರಳಿನ ಮೇಲೆ ಸೊಪ್ಪನೆ ಬಿತ್ತು. ಬೇರೆ ಯಾರೇ ಆಗಿದ್ದರೂ ಉಳಿದ ಒಂಬತ್ತನ್ನು ಆಡಿಸಿ ಆಟ ಮುಗಿಸುತ್ತಿದ್ದರು. ಆದರೆ ಸಾವಿತ್ರೆವ್ವ ಮೂವತ್ತನಾಲ್ಕು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ರವಿಕೆಯ ಖಣ ನೇಯ್ದವಳು. ಎಳೆ ಕಡಿದರೆ ಮನಸ್ಸಿಗೆ ತಿಳಿಯುವ ಮೊದಲೇ ಕೈ ಹೋಗುತ್ತದೆ. ಅವಳ ಎಡಗೈಯಲ್ಲಿ ಏಡಿಯ ಮುಂಗೈ ಕೊಂಬಿನ ಹುರಿ ಇತ್ತು. ಬಲಗೈ ಏಡಿಯ ಬಾಯಿಯ ಕೆಳಗಿನ ಸಂದಿಯಿಂದ ಹೊರಗೆ ಹೋಯಿತು. ಮರಳಲ್ಲಿ ತಡಕಾಡಿ, ಕಡಿದ ಎರಡೂ ತುದಿ ಹಿಡಿದು, ಹೆಬ್ಬೆರಳಲ್ಲಿ ಒತ್ತಿ, ಒಂದೇ ಕೈಯಲ್ಲಿ ಗಂಟು ಹಾಕಿ ಜಗ್ಗಿ ನೋಡಿ ಒಳಗೆ ಬಂತು. ಸ್ಪೀಕರಿನ ಹೆಣ್ಣು ಅದೇ ಹೊತ್ತಿಗೆ ಹೇಳಿದಳು: "ಕಾಲು ಕಳೆದುಕೊಂಡರೂ ಈ ಏಡಿ ಬದುಕುತ್ತದೆ. ಮುಂದೆ ಚಿಪ್ಪು ಕಳಚುವಾಗ ಹೊಸ ಕಾಲು ಮೂಡುತ್ತದೆ."

"ಯವ್ವಾ! ಏಡಿಗಿ ಬಳಿ ಅದಾವ!" ಎಂದು ಒಂದು ಕೂಸು ಕಿರುಚಿತು.

"ಹಸರ ಬಳಿ ಲೇ. ಬಸರಿ ಏಡಿ, ಅದರ ಕುಬಸ ಐತೇನೋ ಇವತ್ತ," ಎಂದ ಯಾವನೋ ಒಬ್ಬ. ಗಾಜಿನಾಚೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋನುಗಳು ಮೇಲೆದ್ದವು. ಸಾವಿತ್ರೆವ್ವನಿಗೆ ಆಗ ಎಚ್ಚರವಾಯಿತು. ಕೈಯನ್ನು ಎದೆಗೆ ಒತ್ತಿಕೊಂಡು, ಕಾಲಲ್ಲಿ ಮಾತ್ರ ತುಳಿಯುತ್ತ ಕೂತಳು.

ಆಟ ಮುಗಿದ ಮೇಲೆ ಮುಜಮ್ಮಿಲ ಹಿಂದಿನ ಪರದೆ ಸರಿಸಿಕೊಂಡು ಬಂದ. ಈ ಪ್ರದರ್ಶನದ ಉಸ್ತುವಾರಿ ಅವನದು. ಬಾಗಲಕೋಟೆಯ ನವನಗರದ ಮೈದಾನದಲ್ಲಿ ಡೇರೆ ಹಾಕಿ ತಿಂಗಳಾಗಿತ್ತು. ಮೀನಿನ ತೊಟ್ಟಿ, ಆಮೆ, ಬಣ್ಣದ ಹವಳ ಎಲ್ಲ ಇದ್ದವು. ಆದರೆ ಜನ ಬರುತ್ತಿದ್ದದ್ದು ಕೊನೆಯ ಗಾಜಿನ ಕೋಣೆಯ ಏಡಿಗೆ.

"ಏನ್ ಮಾಡಿದ್ರಿ ಅಕ್ಕಾ! ಜಪಾನಿನ ಏಡಿಗಿ ಗುಳೇದಗುಡ್ಡದ ಕೈ ಮೂಡಿಸಿಬಿಟ್ರಿ!" ಬೈಯಬೇಕೆಂದು ಬಂದವನು ನಗು ತಡೆಯಲಾರದೆ ನಿಂತ.

"ಎಳಿ ಕಡೀತಪಾ. ಕೈ ಕೇಳಲಿಲ್ಲ."

"ಕಡದ್ರ ಕಡೀಲಿ ಬಿಡ್ರಿ. ಒಂದ ಕಾಲಿಲ್ಲದ ಏಡಿ ಇರೂದಿಲ್ಲೇನು?"

"ಕಡದದ್ದ ಹಂಗ ಬಿಟ್ಟ ಮುಂದ ತುಳದ್ರ ನನಗ ಉಂಡದ್ದ ಮೈಗಿ ಹತ್ತೂದಿಲ್ಲ," ಎಂದಳು ಸಾವಿತ್ರೆವ್ವ.

ಮುಜಮ್ಮಿಲ ನಗು ನಿಲ್ಲಿಸಿ ಹೊಸ್ತಿಲಲ್ಲಿ ಕೂತಂತೆ ಮರಳಿನ ಅಂಚಿಗೆ ಕೂತ. "ಅದಿರಲಿ. ಆಯಿತವಾರ ಡೇರೆ ಬಿಚ್ತೇವಿ. ಬೆಳಗಾವಿ, ಅಲ್ಲಿಂದ ಹುಬ್ಬಳ್ಳಿ, ಆಮ್ಯಾಲೆ ಗೋವಾ. ಜುಲೇಖಾ ಚಾಚಿ ಬರ್ತಾರ. ನೀವು ಹೂಂ ಅಂದ್ರ ನಾ ಬ್ಯಾರೆ ಯಾರನೂ ಹುಡುಕೂದಿಲ್ಲ."

"ಮನ್ಯಾಗ ಕೇಳಬೇಕು."

"ಎಂಟ ದಿನಾತು, ಇದನ್ನ ಹೇಳಾಕತ್ತೀರಿ."

"ಕೇಳ್ತೇನಪಾ. ಇವತ್ತ ಕೇಳ್ತೇನಿ."

ಅವಳು ಈ ಏಡಿಯೊಳಗೆ ಬಂದು ಕೂತದ್ದೂ ಜುಲೇಖಾಳಿಂದಲೇ. ಜುಲೇಖಾ ಗುಳೇದಗುಡ್ಡದಲ್ಲಿ ಅವಳ ಓಣಿಯವಳು, ದರ್ಜಿ. ಏಡಿಯ ಮೈಗೆ ಕೇಸರಿ ಮಖಮಲ್ಲು ಹೊಲಿಯಲು ಹೋದವಳು. ಆಗ ಒಳಗೆ ಕೂತು ಕಾಲು ಆಡಿಸಲು ಗಟ್ಟಿಮುಟ್ಟಾದ ಮೂರು ಮಂದಿ ಗಂಡಸರನ್ನು ತಂದಿದ್ದರಂತೆ. ಒಬ್ಬ ಎಂಟು ಕಾಲನ್ನೂ ಒಟ್ಟಿಗೆ ಎತ್ತಿದ, ಒಬ್ಬ ಹುರಿಯನ್ನೆಲ್ಲ ಸಿಕ್ಕು ಮಾಡಿದ, ಮೂರನೆಯವನು ಒಳಗೆ ಕೂತು ಬೆವರಿ ಎದ್ದು ಹೋದ. ಜುಲೇಖಾ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹೇಳಿದಳಂತೆ, "ಇದು ಏಡಿ ಅಲ್ಲೋ ತಮ್ಮಾ, ಮಗ್ಗ. ನೇಕಾರರನ್ನ ಕರಕೊಂಡ ಬಾ."

ಸಾವಿತ್ರೆವ್ವ ಬಂದು ಸುತ್ತ ನೋಡಿ ಮೊದಲು ಹೇಳಿದ ಮಾತು, "ಇಲ್ಲಿ ಕುಣಿ ತಗೀರಿ." ಸೊಂಟದ ಮಟ್ಟ ಕುಣಿ ತೋಡಿ, ಕೆಳಗೆ ನಾಲ್ಕು ಹಲಗೆ ಇಟ್ಟು, ಒಂದೊಂದು ಹಲಗೆಗೆ ಎರಡೆರಡು ಕಾಲಿನ ಹುರಿ ಕಟ್ಟಿದರು. ಕೊಂಬಿನಂಥ ಎರಡು ಮುಂಗೈ ಅವಳ ಕೈಗೆ. ಅವಳು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಎರಡು ಸಲ ತುಳಿದು ನೋಡಿ, ಮೂರನೇ ಸಲಕ್ಕೆ ಏಡಿಯನ್ನು ನಡೆಸಿದಳು. ಮುಜಮ್ಮಿಲ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದನಂತೆ. ಹುಟ್ಟಿದಾರಭ್ಯ ಅವಳ ಕೆಲಸ ನೋಡಿ ಯಾರಾದರೂ ಹಿಂದೆ ಸರಿದದ್ದು ಅದೇ ಮೊದಲು.

ಮನೆಯಲ್ಲಿ ಅವಳು ಹೇಳಿದ್ದು ಬೇರೆ. ಜುಲೇಖಾಳ ಜೋಡಿ ಬಾಗಲಕೋಟೆಯಲ್ಲಿ ಹೊಲಿಗೆ ಕೆಲಸ ಎಂದು.

ಆ ಸಂಜೆ ಬಸ್ಸಿನಲ್ಲಿ ಸಾವಿತ್ರೆವ್ವ ಕಿಟಕಿಗೆ ತಲೆಯಾನಿಸಿ ಕೂತಳು. ಸ್ಪೀಕರಿನ ಹೆಣ್ಣು ಹೇಳುವುದೆಲ್ಲ ಅವಳಿಗೆ ಬಾಯಿಪಾಠ ಆಗಿತ್ತು. ಅದರಲ್ಲಿ ಒಂದು ಮಾತು ಮಾತ್ರ ದಿನಾ ಹೊಸದಾಗಿ ಕೇಳಿಸುತ್ತಿತ್ತು. ಏಡಿಯ ಚಿಪ್ಪು ಬೆಳೆಯುವುದಿಲ್ಲವಂತೆ. ಒಳಗಿನ ಮೈ ಬೆಳೆದಾಗ ಬೆನ್ನ ಹಿಂದೆ ಬಿರುಕು ಬಿಟ್ಟು, ಏಡಿ ಹಿಂದುಹಿಂದಕ್ಕೆ ಸರಿಯುತ್ತ ತನ್ನ ಮೈಯೊಳಗಿಂದ ತಾನೇ ಹೊರಗೆ ಬರುತ್ತದಂತೆ. ಹತ್ತೂ ಕಾಲು ಕೀಳಬೇಕು. ಕಣ್ಣಿನ ಮೇಲಿನ ಪೊರೆ ಬಿಡಬೇಕು, ಹೊಟ್ಟೆಯೊಳಗಿನ ಪದರು ಕೂಡ ಬಿಡಬೇಕು. ತಾಸು ಎರಡು ತಾಸು ಹಿಡಿಯುತ್ತದೆ. ಕೆಲವು ಅರ್ಧಕ್ಕೆ ಸಿಕ್ಕಿಕೊಂಡು ಸಾಯುತ್ತವೆ.

"ಜುಲೇಖಾ, ಹೊತ್ತ ಬಂತು ಅಂತ ಅದಕ್ಕ ಹೆಂಗ ಗೊತ್ತಾಗ್ತೈತಿ?"

"ಯಾವದಕ್ಕ?"

"ಏಡಿಗಿ."

"ಬಿಗಿ ಆದ್ರ ಗೊತ್ತಾಗೂದಿಲ್ಲೇನ? ನನ್ನ ಜಂಪರ ಬಿಗಿ ಆದ್ರ ನನಗ ಉಸರ ಹಿಡೀತೈತಿ, ಗೊತ್ತಾಗ್ತೈತಿ." ಜುಲೇಖಾ ಅವಳ ಮುಖ ನೋಡಿದಳು. "ಇವತ್ತರ ಕೇಳ್ತೀಯೋ ಇಲ್ಲೋ? ನಿನ್ನ ಗಂಡೇನ ಹುಲಿ ಏನವ್ವಾ? ಒಂದ ದಿನ ಜೋರಾಗಿ ಮಾತಾಡಿದ್ದು ನಾ ಕೇಳಿಲ್ಲ."

"ಹುಲಿ ಇದ್ದಿದ್ರ ನಾ ಕೇಳ್ತಿದ್ದೆನೇನೋ," ಎಂದಳು ಸಾವಿತ್ರೆವ್ವ.

ನಾಗಲಿಂಗ ಹುಲಿಯಲ್ಲ, ಖರೆ. ಒಂದು ಕಾಲಕ್ಕೆ ಗುಳೇದಗುಡ್ಡದಲ್ಲಿ ಅವನ ಕೈಯ ಖಣಕ್ಕೆ ಹೆಸರಿತ್ತು. ಹನ್ನೊಂದು ವರ್ಷದ ಹಿಂದೆ ಕಣ್ಣು ಮಂಜಾಗಿ ರೇಷ್ಮೆಯ ಎಳೆ ಕಾಣದಾದಾಗ ಮಗ್ಗದಿಂದ ಎದ್ದ. ಅದುವರೆಗೆ ಹೊತ್ತು ಹಂಚಿಕೊಂಡು ಕೂರುತ್ತಿದ್ದ ಸಾವಿತ್ರೆವ್ವ ಆಮೇಲೆ ಒಬ್ಬಳೇ ಕೂತಳು. ಅವನು ಮಗ್ಗದ ಎದುರಿಗೆ ಒಂದು ಮಣೆ ಹಾಕಿಕೊಂಡ. ಅಷ್ಟೇ. ಮುಂಜಾನೆಯಿಂದ ದೀಪ ಹಚ್ಚುವ ತನಕ ಆ ಮಣೆಯ ಮೇಲೆ ಕೂತು ಅವಳ ಕೈ ನೋಡಿದ. ಬೈದವನಲ್ಲ, ಹೊಡೆದವನಲ್ಲ. ಗೇಣು ಬಟ್ಟೆಗೊಮ್ಮೆ ಬೆರಳಾಡಿಸಿ ನೋಡಿ, ಸರಿಯಿಲ್ಲದಿದ್ದರೆ ತಲೆಯನ್ನು ಒಂದು ಸಲ ಅತ್ತಿತ್ತ ಆಡಿಸುತ್ತಿದ್ದ. ಸರಿಯಿದ್ದರೆ ಏನೂ ಇಲ್ಲ. ಮಗಳು ಶೀಲಾಳನ್ನು ಹುನಗುಂದಕ್ಕೆ ಕೊಟ್ಟ ಮೇಲೆ ಆ ಕೋಣೆಯಲ್ಲಿ ಲಾಳಿಯ ಸದ್ದು ಬಿಟ್ಟರೆ ಆ ತಲೆಯಾಡಿಸುವುದು ಒಂದೇ ಮಾತು. ಕಳೆದ ದೀಪಾವಳಿಗೆ ನೂಲು ಕೊಡುವ ಸಾವಕಾರ ಕೈಮಗ್ಗದ ಖಣ ಸಾಕೆಂದ. ಮಗ್ಗ ನಿಂತಿತು. ನಾಗಲಿಂಗ ಮಣೆ ಬಿಡಲಿಲ್ಲ. ಖಾಲಿ ಕುಣಿಯ ಎದುರಿಗೆ ಕೂತೇ ಇದ್ದ.

ಈಗಲೂ ಅಲ್ಲೇ ಕೂತಿದ್ದ. ಅವಳು ರೊಟ್ಟಿ ಬಡಿದು, ಹಿಟ್ಟಿನ ಪಲ್ಲೆ ಹಚ್ಚಿ ಗಂಗಾಳ ಮುಂದಿಟ್ಟಳು.

"ಇವತ್ತೇನ ಹೊಲದ್ರಿ?"

"ಕಾಲು," ಎಂದುಬಿಟ್ಟಳು.

"ಪಾಯಜಾಮಾದ್ದೇನು?"

"ಹೂಂ ರೀ."

ಅವನು ರೊಟ್ಟಿ ಮುರಿದ. ಅವಳು ಎದುರಿಗೆ ಕೂತಳು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಅವನೆದುರು ತನಗಾಗಿ ಕೇಳಿದ್ದು ಏನೇನು ಎಂದು ನೆನೆದರೆ ಒಂದು ಕೈಯ ಬೆರಳೂ ತುಂಬುತ್ತಿರಲಿಲ್ಲ.

"ಬೆಳಗಾವಿ..." ಎಂದಳು.

ಅವನು ದಪ್ಪ ಕನ್ನಡಕದೊಳಗಿಂದ ಮುಖವೆತ್ತಿದ. "ಬೆಳಗಾವಿ ಏನು?"

"ಬೆಳಗಾವ್ಯಾಗ ಭಾಳ ಮಳಿ ಅಂತ. ಬಸ್ಸಿನ್ಯಾಗ ಅನ್ನಾಕತ್ತಿದ್ರು."

"ಹೌದು. ಅದು ಮಳೀ ಊರು," ಎಂದು ಅವನು ಉಣ್ಣಲು ಶುರು ಮಾಡಿದ.

ಶುಕ್ರವಾರವೂ ಹೀಗೇ ಹೋಯಿತು. ಅವಳು ಬಾಯಿ ತೆರೆದಾಗಲೆಲ್ಲ ಬೇರೆ ಯಾವುದೋ ಮಾತು ಹೊರಗೆ ಬಂತು. ಸಂಜೆ ಅವನು ಎಂದಿನಂತೆ ಚಹಾದಂಗಡಿಗೆ ಹೋಗಿ ಬಂದವನು ಆ ದಿನ ಏನೂ ಕೇಳಲಿಲ್ಲ. ಏನು ಹೊಲಿದಿರಿ ಎಂದು ಕೂಡ.

ಶನಿವಾರ ಮುಂಜಾನೆಯ ಎರಡನೇ ಆಟ. ಏಡಿಯ ಬಾಯಿಗೆ ಕರಿ ಜಾಳಿಗೆ ಬಡಿದಿದ್ದರು. ಒಳಗಿದ್ದವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಸಾವಿತ್ರೆವ್ವ ಎಡದ ಹಲಗೆ ತುಳಿದು ತಲೆಯೆತ್ತಿದರೆ, ಗಾಜಿಗೆ ಹತ್ತಿರ, ಸಾಲೆಯ ಮಕ್ಕಳ ನಡುವೆ, ಮದುವೆ ಮುಂಜಿಗೆ ಮಾತ್ರ ಹಾಕುವ ಬಿಳಿ ಟೊಪ್ಪಿಗೆ ಹಾಕಿಕೊಂಡು ನಾಗಲಿಂಗ ನಿಂತಿದ್ದ.

ಅವಳ ಕಾಲು ತಪ್ಪಿತು. ಎಡಗಡೆಯ ಎರಡು ಕಾಲು ಒಂದರ ಮೇಲೊಂದು ಹತ್ತಿದವು. ಮಕ್ಕಳಿಗೆ ಗೊತ್ತಾಗಲಿಲ್ಲ. ನಾಗಲಿಂಗ ತಲೆಯನ್ನು ಒಂದು ಸಲ ಅತ್ತಿತ್ತ ಆಡಿಸಿದ.

ಏಳುವಂತಿಲ್ಲ, ಓಡುವಂತಿಲ್ಲ. ಆಟ ನಡೆದಿರುವಾಗ ಬೆನ್ನ ಬಾಗಿಲಿಗೆ ಹೊರಗಿನಿಂದ ಕೊಂಡಿ. ಇಪ್ಪತ್ತು ನಿಮಿಷ ಅವಳು ತುಳಿದಳು. ಜನ ಹೋದರು, ಬೇರೆ ಜನ ಬಂದರು, ಅವನು ಗಾಜಿನ ಮುಂದೆ ಅಡ್ಡ ಹಾಕಿದ ಕಬ್ಬಿಣದ ಕಟಾಂಜನ ಹಿಡಿದುಕೊಂಡು ಅಲ್ಲೇ ನಿಂತ. ಇನ್ನೊಂದು ಆಟ. ಮತ್ತೊಂದು. "ಗಂಡು ಏಡಿಯ ಮೈ ಬೆಳೆಯುವುದು ನಿಂತರೂ ಅದರ ತೋಳು ಬೆಳೆಯುತ್ತಲೇ ಇರುತ್ತದೆ," ಎಂದಳು ಸ್ಪೀಕರಿನವಳು. ಬೆವರು ಸಾವಿತ್ರೆವ್ವನ ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಕೋಣೆಯ ಮಗ್ಗ, ಎದುರಿಗೆ ಮಣೆ, ಮಣೆಯ ಮೇಲೆ ಅವನು. ಮೂವತ್ತು ಕಿಲೋಮೀಟರು ಬಸ್ಸಿನಲ್ಲಿ ಬಂದು ಅವಳು ಅದೇ ಕೋಣೆಯಲ್ಲಿ ಕೂತಂತಾಯಿತು.

ಊಟದ ಹೊತ್ತಿಗೆ ಜನರನ್ನು ಹೊರಗೆ ಹಾಕಿದರು. ಕೊಂಡಿ ತೆಗೆದ ಸದ್ದಾಯಿತು. ಹಿಂದಿನಿಂದ ಮುಜಮ್ಮಿಲನ ದನಿ, "ಕಾಕಾ, ಇಲ್ಲಿ ಬರಾಂಗಿಲ್ರಿ." ಅದಕ್ಕೆ ನಾಗಲಿಂಗನ ದನಿ, "ನಮ್ಮ ಮನಿಯಾಕಿ ಅದಾಳಪಾ ಒಳಗ."

ಏಡಿಯಿಂದ ಹೊರಗೆ ಬರುವುದು ಬೆನ್ನು ಮುಂದಾಗಿಯೇ. ಸಾವಿತ್ರೆವ್ವ ಹಿಂದಕ್ಕೆ ಸರಿದು ಹೊರಬಿದ್ದು, ಸೆರಗು ಎಳೆದುಕೊಂಡು, ತಿರುಗಿ ನಿಂತಳು.

"ಚಾದಂಗಡಿ ಸುನೀಲಕುಮಾರ ಫೋನಿನ್ಯಾಗ ಈ ಏಡೀ ವಿಡಿಯೋ ತೋರಿಸಿದ," ಎಂದ ನಾಗಲಿಂಗ. "ಎಲ್ಲಾರೂ ಬಳಿ ನೋಡಿ ನಗಾಕತ್ತಿದ್ರು. ನಾ ಗಂಟ ನೋಡಿದೆ. ಲಾಳಿ ಕೈ ಬಿಡಲಾರದ ಇನ್ನೊಂದ ಕೈಲೆ ಹಾಕೂ ಗಂಟು. ನಿನಗ ಅದನ್ನ ಕಲಿಸಿದಾಂವ ನಾನ."

ಅವಳು ನೆಲ ನೋಡಿದಳು. ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ಕಾದಳು.

"ಎಡಕಿನ ಎರಡನೇ ಕಾಲ ತಡಾ ಏಳ್ತೈತಿ," ಎಂದ ಅವನು. "ಹುರಿ ಸಡ್ಲ ಆಗೈತಿ. ತುಸು ಆಕಡೆ ಸರಿ, ನಾ ನೋಡ್ತೇನಿ."

ಚಪ್ಪಲಿ ಬಿಟ್ಟು, ಟೊಪ್ಪಿಗೆ ತೆಗೆದು ಅವಳ ಕೈಗೆ ಕೊಟ್ಟ. ಮುಜಮ್ಮಿಲ, "ಕಾಕಾ, ಬಾಗಲಾ ಸಣ್ಣದೈತಿ, ಅಕ್ಕಾನ ಅಳತೀಗಿ ಮಾಡೇವಿ," ಎಂದ. "ತಮ್ಮಾ, ನೀ ಹುಟ್ಟೂಕಿಂತ ಮೊದಲ ನಾ ಕುಣ್ಯಾಗ ಕುಂತೇನಿ," ಎನ್ನುತ್ತ ನಾಗಲಿಂಗ ಹೆಗಲು ತುರುಕಿ, ಹೊಟ್ಟೆ ತುರುಕಿ, ಏದುಸಿರು ಬಿಡುತ್ತ ಒಳಗಿಳಿದೇ ಇಳಿದ. ಹುರಿ ಬಿಗಿದ ಸದ್ದು ಕೇಳಿಸಿತು.

ಆಮೇಲೆ ಏಡಿ ನಡೆಯಿತು.

ಸಾವಿತ್ರೆವ್ವ ಅದು ನಡೆಯುವುದನ್ನು ಹೊರಗಿನಿಂದ ನೋಡಿಯೇ ಇರಲಿಲ್ಲ. ಉದ್ದುದ್ದ ಕಾಲುಗಳು ಒಂದಾದ ಮೇಲೊಂದು ಮೆಲ್ಲಗೆ ಎದ್ದು, ಮರಳು ಸೋಕಿ, ಮತ್ತೆ ಎದ್ದವು. ಆಳದ ನೀರಿನಲ್ಲಿ ಅವಸರವಿಲ್ಲದ ಮುದುಕ ಪ್ರಾಣಿಯೊಂದು ಕತ್ತಲೆಯನ್ನು ತಡವಿಕೊಂಡು ಬಂದಂತಿತ್ತು. ನಾನು ತಿಂಗಳಿಡೀ ಮಾಡಿದ್ದು ಇದೇ ಏನು ಎಂದು ಅವಳಿಗೆ ಮೈ ಜುಮ್ಮೆಂದಿತು. ಅದರ ಹಿಂದೆಯೇ ಇನ್ನೊಂದು ಮಾತೂ ಹೊಳೆಯಿತು: ನನಗಿಂತ ಚಲೋ ನಡೆಸುತ್ತಾನೆ.

"ಬಾಪರೇ!" ಮುಜಮ್ಮಿಲ ಚಪ್ಪಾಳೆ ತಟ್ಟಿದ. "ಕಾಕಾ, ನೀವ ಬಂದುಬಿಡ್ರಿ ಬೆಳಗಾವಿಗಿ. ಅಕ್ಕಾರು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ."

"ಯಾವ ಬೆಳಗಾವಿ?" ಎಂದಿತು ಏಡಿ. ಮುಜಮ್ಮಿಲ ಹೇಳಿದ. ಬೆಳಗಾವಿ, ಹುಬ್ಬಳ್ಳಿ, ಗೋವಾ. ಕಾಲುಗಳು ನಿಂತವು. "ಆತು. ನಾನ ಬರ್ತೇನಿ," ಎಂದ ನಾಗಲಿಂಗ ಒಳಗಿನಿಂದ. ದನಿಯಲ್ಲಿ ಹನ್ನೊಂದು ವರ್ಷದಿಂದ ಕೇಳದ ಉಮೇದು ಇತ್ತು. "ಇದಕ್ಕ ಕಣ್ಣ ಬೇಕಾಗೂದಿಲ್ಲ. ಕಾಲಾಗ ತಿಳೀತೈತಿ. ಅಕಿ ಮನ್ಯಾಗ ಇರಲಿ. ಹೆಣ್ಮಕ್ಕಳು ಡೇರೆದವರ ಜೋಡಿ ಊರೂರು ತಿರಗೂ ಪದ್ಧತಿ ನಮ್ಮಲ್ಲಿಲ್ಲ."

ಮುಜಮ್ಮಿಲ ಸಾವಿತ್ರೆವ್ವನ ಮುಖ ನೋಡಿದ. ಅವಳು ಟೊಪ್ಪಿಗೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. "ಉಂಡ ಬರ್ತೇನಿ, ಪಕ್ಕಾ ಮಾಡೂನು," ಎಂದು ಅವನು ಹೋದ.

ಡೇರೆಯಲ್ಲಿ ನೀರಿನ ಯಂತ್ರದ ಗುಳುಗುಳು ಸದ್ದೊಂದೇ ಉಳಿಯಿತು. ಏಡಿಯ ಬೆನ್ನು ಅಲುಗಾಡಿತು. ಮತ್ತೊಮ್ಮೆ ಅಲುಗಾಡಿತು. ಒಳಗೆ ಏನೋ ಕಬ್ಬಿಣಕ್ಕೆ ಬಡಿದ ಸದ್ದು.

"ಏ ಇಕಿನ! ಹೆಗಲ ಹಿಡೀತು ನೋಡು."

"ಏನ್ರಿ?"

"ಹೊಳ್ಳಿ ಬರವೊಲ್ದು. ಮುಂದೂ ಹೋಗವೊಲ್ದು. ಕರೀ ಆ ಹುಡುಗನ್ನ, ಲಗೂನ." ಮತ್ತೊಮ್ಮೆ ಬಡಿದ. "ಗಾಳೀನ ಇಲ್ಲ ಇದರಾಗ."

ಸಾವಿತ್ರೆವ್ವ ಪರದೆಯ ತನಕ ಹೋದಳು. ಅಲ್ಲಿ ನಿಂತಳು. "ಕರೀತೇನ್ರಿ. ಹೊರಗ ಮಂದಿ ಪಾಳಿ ಹಚ್ಚ್ಯಾರ. ಗದ್ದಲ ಕೇಳಿದ್ರ ಅವರೂ ಬರ್ತಾರ. ಫೋನ ಹಿಡಕೊಂಡ ಬರ್ತಾರ."

ಬಡಿತ ನಿಂತಿತು. "ಬ್ಯಾಡ," ಎಂದಿತು ಒಳಗಿನ ದನಿ. ತುಸು ತಡೆದು, "ಮತ್ತ ನೀ ಹೆಂಗ ಬರ್ತಿದ್ದಿ?"

"ಬರ್ತಿದ್ದೆ."

"ಹೆಂಗ ಅಂತ ಕೇಳಾಕತ್ತೇನಿ!"

ಅವನು ಅವಳನ್ನು ಏನನ್ನಾದರೂ ಹೆಂಗ ಎಂದು ಕೇಳಿದ್ದು ಇದೇ ಮೊದಲು. ಸಾವಿತ್ರೆವ್ವ ಬಂದು ಏಡಿಯ ಮುಂದೆ ಮರಳಿನಲ್ಲಿ ಕೂತಳು. ಅವಳ ಕಣ್ಣೆದುರು ಕರಿ ಜಾಳಿಗೆ. ಅದರೊಳಗೆ ಕನ್ನಡಕವಿರಲಿಲ್ಲ, ಹುಬ್ಬಿರಲಿಲ್ಲ, ಆಡುವ ತಲೆಯಿರಲಿಲ್ಲ. ಬರೀ ಒಂದು ಉಸಿರಾಟ.

"ಹೇಳ್ತೇನ್ರಿ. ಅದಕಿಂತ ಮೊದಲ ಒಂದ ಮಾತೈತಿ." ತನ್ನ ದನಿ ತನಗೇ ಬೇರೆಯವರದ್ದೆನಿಸಿತು. "ಬೆಳಗಾವಿಗಿ ನಾ ಹೋಗ್ತೇನಿ. ಹುಬ್ಬಳ್ಳಿ, ಗೋವಾ, ಇವರು ಹೋದಲ್ಲಿ. ನೀವಲ್ಲ. ನಾ."

"ಮೊದಲ ಹೊರಗ ತಗಿ. ಆಮ್ಯಾಲೆ ಮಾತಾಡೂನು."

"ಹೊರಗ ಬಂದ ಮ್ಯಾಲೆ ನನಗ ಬಾಯಿ ಬರೂದಿಲ್ರಿ. ನಿಮ್ಮ ಮಾರಿ ಕಂಡ್ರ ಬರೂದಿಲ್ಲ."

ಒಳಗೆ ಅವನ ಕಾಲು ಎಲ್ಲೋ ಹಲಗೆಗೆ ತಾಗಿರಬೇಕು. ಏಡಿಯ ಒಂದು ಕಾಲು ಗೇಣು ಎದ್ದು ಬಿತ್ತು.

"ನಾ ಏನ ಮಾಡೇನಿ ನಿನಗ? ಕೈ ಎತ್ತೇನೇನು?"

"ಇಲ್ರಿ."

"ಬೈದೇನೇನು?"

"ಇಲ್ಲ. ನೋಡಿದ್ರಿ. ಹನ್ನೊಂದ ವರ್ಷ ನೋಡಿದ್ರಿ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಖರೇ ಅರ್ಥವಾಗದವನ ದನಿ ಇತ್ತು. "ಕಣ್ಣ ಹೋದಾಂವ ಮತ್ತೇನ ಮಾಡ್ಲಿ? ನನ್ನ ಕೆಲಸ ನಿನ್ನ ಕೈಯಾಗಿತ್ತು. ಅದನ್ನ ನೋಡಕೋತ ಕುಂತೆ."

ಇದನ್ನು ಅವಳು ಎಣಿಸಿರಲಿಲ್ಲ. ಟೊಪ್ಪಿಗೆಯ ಅಂಚನ್ನು ಬೆರಳಲ್ಲಿ ತೀಡಿದಳು.

"ಇಲ್ಲೀನೂ ಕುಣೀನ ಐತಲ್ಲ," ಎಂದ ಅವನು. "ಇದರಾಗೇನ ಸುಖ ಕಂಡೀ?"

"ಕುಣೀನ ರೀ. ಆದ್ರ ಮುಂದ ಮಂದಿ ಇರ್ತಾರ. ಕೂಸುಗೋಳು ಹೌಹಾರ್ತಾವು. ಯಾರೂ ನನಗ ತಪ್ಪ ಹೇಳೂದಿಲ್ಲ. ಗೋವಾದಾಗ ಸಮುದ್ರ ಐತಂತ. ಇದು ಇರೂ ನೀರು ಎಂಥಾದೈತಿ ಅಂತ ಒಮ್ಮೆ ನೋಡಬೇಕು."

ಹೊರಗೆ ಯಾರೋ ಆಟ ಎಷ್ಟಕ್ಕೆ ಶುರು ಎಂದು ಕೂಗಿ ಕೇಳಿದರು. ಯಾರೋ ಉತ್ತರ ಹೇಳಿದರು.

"ಹಂಗಾದ್ರ ಮನೀ ಕುಣಿ ಮುಚ್ಚಸಲೇನು?" ಎಂದು ಕೇಳಿದ ನಾಗಲಿಂಗ.

ಆ ಕುಣಿಯ ತಳದಲ್ಲಿ, ಹಲಗೆಯ ಹಿಂದೆ, ಅವಳ ಹಿಮ್ಮಡಿ ಊರಿ ಊರಿ ಎರಡು ಗುಳಿ ಬಿದ್ದಿದ್ದವು. ಮದುವೆಯಾಗಿ ಬಂದ ವರ್ಷ ಅಲ್ಲಿ ನೆಲ ಸಪಾಟಿತ್ತು. ಬಸುರಿಯಾದಾಗ ಏಳನೇ ತಿಂಗಳ ತನಕ ಅಲ್ಲೇ ಕೂತಿದ್ದಳು. ಅವ್ವ ಸತ್ತ ಸುದ್ದಿ ಬಂದದ್ದು ಅಲ್ಲಿ ಕೂತಾಗಲೇ, ಅಂದೂ ಕೈಯಲ್ಲಿದ್ದ ಎಳೆ ಕಟ್ಟಿಯೇ ಎದ್ದಿದ್ದಳು. ಮುಚ್ಚಿಸಲೇನು ಎಂದು ಇವನು ಬೆದರಿಸುತ್ತಿದ್ದಾನೋ, ಕೇಳುತ್ತಿದ್ದಾನೋ, ದನಿಯಿಂದ ಹೇಳುವಂತಿರಲಿಲ್ಲ. ಮುಖ ಕಂಡಿದ್ದರೆ ತಿಳಿಯುತ್ತಿತ್ತು. ಮುಖ ಕಂಡಿದ್ದರೆ ಅವಳು ಬ್ಯಾಡ್ರಿ ಎಂದುಬಿಡುತ್ತಿದ್ದಳು.

"ಮುಚ್ಚಸ್ರಿ," ಎಂದಳು.

ಎದ್ದು ಸುತ್ತು ಹಾಕಿ ಬಂದು, ಏಡಿಯ ಬೆನ್ನ ಬಾಗಿಲಿಗೆ ಕೈ ಹಾಕಿದಳು. "ಈಗ ಕೇಳ್ರಿ. ಜಗ್ಗಬ್ಯಾಡ್ರಿ, ಜಗ್ಗಿದಷ್ಟೂ ಹಿಡೀತೈತಿ. ಮೊದಲ ಉಸರ ಪೂರಾ ಬಿಡ್ರಿ. ತಲಿ ಮೊಣಕಾಲಿಗಿ ಹಚ್ಚ್ರಿ. ಎಡಾ ಹೆಗಲ ಸಣ್ಣ ಮಾಡ್ರಿ. ಹಾಂ. ಈಗ ಹಿಂದ... ಇನ್ನೂ ಹಿಂದ... ಅವಸರ ಬ್ಯಾಡ. ಬಲಗೈ ಅಲ್ಲೇ ಬಿಡ್ರಿ, ಅದು ತಾನ ಬರ್ತೈತಿ."

ಮೊದಲು ಧೋತರದ ಗಂಟು ಕಂಡಿತು. ಆಮೇಲೆ ಬೆವರಿನಿಂದ ಮೈಗಂಟಿದ ಅಂಗಿಯ ಬೆನ್ನು. ಹೆಗಲು ಬಾಗಿಲ ಚೌಕಟ್ಟಿಗೆ ಸಿಕ್ಕಿ, ತಿರುಗಿ, ಬಿಟ್ಟಿತು. ಕೊನೆಗೆ ಕನ್ನಡಕ ಒಂದು ಕಿವಿಗೆ ಜೋತುಬಿದ್ದ ತಲೆ. ನಾಗಲಿಂಗ ನಿಲ್ಲಲು ನೋಡಿದ. ಕಾಲು ಜೋಮು ಹಿಡಿದಿತ್ತು. ಮರಳಿನ ಮೇಲೆ ಕುಸಿದು ಕೂತು, ಎರಡು ಕೈ ಹಿಂದಕ್ಕೂರಿ, ಬಾಯಿ ತೆರೆದು ಗಾಳಿ ಎಳೆದುಕೊಂಡ. ಕನ್ನಡಕವಿಲ್ಲದ ಅವನ ಕಣ್ಣು ಸಣ್ಣವು, ಒದ್ದೆಯಾಗಿದ್ದವು. ಅವಳು ಅವನ ಪಕ್ಕದಲ್ಲಿ ಟೊಪ್ಪಿಗೆ ಇಟ್ಟು, ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಅವನು ಕುಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮುಜಮ್ಮಿಲ ಬಾಯಿ ಒರೆಸಿಕೊಳ್ಳುತ್ತ ಬಂದ. "ಜನಾ ಭಾಳ ಐತಿ, ಶುರು ಮಾಡೂನು. ಕಾಕಾ, ಮತ್ತ ಪಕ್ಕಾ ಅಲ್ರಿ? ಬೆಳಗಾವಿ?"

ನಾಗಲಿಂಗ ತಂಬಿಗೆಯ ತಳ ನೋಡಿದ. "ಅಕಿನ್ನ ಕೇಳು," ಎಂದ.

ಮುಜಮ್ಮಿಲ ಕೇಳಲಿಲ್ಲ. ಸಾವಿತ್ರೆವ್ವ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ಮೊಣಕೈ ತನಕ ಸರಿಸಿ ಏಡಿಯೊಳಗೆ ಇಳಿಯುತ್ತಿದ್ದಳು. ಕೂರುವ ಹಲಗೆ ಅವನ ಮೈಯಿಂದ ಬೆಚ್ಚಗಿತ್ತು. ಹೊರಗೆ ಕೊಂಡಿ ಬಿತ್ತು. ಎಡಗಡೆಯ ಎರಡನೇ ಹುರಿಯನ್ನು ಮುಟ್ಟಿ ನೋಡಿದಳು. ಬಿಗಿಯಾಗಿ, ಅಂದವಾಗಿ ಕಟ್ಟಿದ್ದ.

ಜನ ಒಳಗೆ ನುಗ್ಗಿದರು. ನೀಲಿ ದೀಪ ಹತ್ತಿತು. ಜಾಳಿಗೆಯಾಚೆ ತಲೆಗಳ ನಡುವೆ ಅವಳು ಹುಡುಕಿದಳು. ಅವನು ಹೋಗಿರಲಿಲ್ಲ. ಕಟಾಂಜನದ ಒಂದು ತುದಿಗೆ, ಚಪ್ಪಲಿ ಮೆಟ್ಟುವುದನ್ನು ಮರೆತು, ಬರಿಗಾಲಲ್ಲಿ ನಿಂತಿದ್ದ. ಕನ್ನಡಕ ಮಡಿಸಿ ಕೈಯಲ್ಲಿ ಹಿಡಿದಿದ್ದ. ಆ ಮಂಜುಗಣ್ಣಿಗೆ ಅಷ್ಟು ದೂರದಿಂದ ಕೇಸರಿ ಬಣ್ಣವೊಂದು ಅಲುಗುವುದು ಬಿಟ್ಟು ಮತ್ತೇನೂ ಕಾಣುವಂತಿರಲಿಲ್ಲ.

ಸಾವಿತ್ರೆವ್ವ ತುಳಿದಳು. ಎಡ, ಬಲ, ಎಡ. ಡೇರೆಯ ಮಣ್ಣುನೆಲದ ಮೇಲೆ ನಾಗಲಿಂಗನ ಬರಿಗಾಲಿನ ಹಿಮ್ಮಡಿಗಳು, ಅವನಿಗೇ ತಿಳಿಯದಂತೆ, ಒಂದಾದ ಮೇಲೊಂದು ಮೆಲ್ಲಗೆ ಏಳುತ್ತಿದ್ದವು, ಊರುತ್ತಿದ್ದವು.